ವೃದ್ಧಾಶ್ರಮದ ಅಂಗಳ ಯಾರದು?

ವೃದ್ಧಾಶ್ರಮಗಳ ಉದ್ಘಾಟನೆಯ ಕರೆಯೋಲೆಗಳನ್ನು ಓದಿ ಅಭ್ಯಾಸವಿದ್ದವರಿಗೆ ಒಂದು ಮಾತು ಬಾಯಿಪಾಠವಾಗಿರಬೇಕು. ಸುಂದರ ಉದ್ಯಾನವನದ ನಡುವೆ ಸಕಲ ಸೌಕರ್ಯಗಳಿಂದ ಕೂಡಿದ ಭವ್ಯ ಕಟ್ಟಡವೆಂಬುದೇ ಆ ಮಾತು. ಈ ಸುಂದರ ಉದ್ಯಾನವನ ಎಂಥದು ಎಂಬುದನ್ನು ಹೋಗಿ ನೋಡಬೇಕು. ಗೇಟಿನಿಂದ ಬಾಗಿಲವರೆಗೆ ಮುಖ ಕಾಣುವಷ್ಟು ನುಣುಪಾದ ಕಲ್ಲುಹಾಸು. ಅದರ ಎರಡೂ ಮಗ್ಗುಲಿಗೆ ಮೊಣಕಾಲೆತ್ತರಕ್ಕೆ ಕತ್ತರಿಸಿದ ಬೇಲಿಗಿಡ. ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ. ಮೂಲೆಯಲ್ಲಿ ದಾನಿಗಳ ಹೆಸರು ಕೊರೆದ ಕಲ್ಲು. ಉಳಿದ ಜಾಗವೆಲ್ಲ ಕಾರುಗಳಿಗೆ. ಹಾಗಾದರೆ ಅಲ್ಲಿ ವಾಸಮಾಡುವ ಮುದುಕ ಮುದುಕಿಯರು ಎಲ್ಲಿ? ಅವರು ಒಳಗೆ, ಗೋಡೆಗೆ ಸಾಲಾಗಿ ಆನಿಸಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಯಾರೂ ನೋಡದ ಟೆಲಿವಿಷನ್ನಿನ ಮುಂದೆ. ಹೊರಬಾಗಿಲಿಗೆ ಚಿಲಕ.

ಎಲ್ಲೆಡೆಯೂ ಹೀಗೆಯೇ ಉಂಟೆಂದು ನಾವು ಹೇಳುವುದಿಲ್ಲ. ಮನಸ್ಸಿಟ್ಟು ನಡೆಸುವ ಜನರೂ ಇದ್ದಾರೆ; ಬಹಳಮಟ್ಟಿಗೆ ಅವರ ಕೈಯಲ್ಲಿ ಹಣವಿರುವುದಿಲ್ಲ. ಹಣವಿದ್ದ ಕಡೆಯಲ್ಲಾದರೋ ಅಂಗಳವನ್ನು ಯೋಚಿಸಿದ್ದು ನೋಡಲು ಬರುವವರ ಕಣ್ಣಿಗಾಗಿ. ಅಲ್ಲಿಯೇ ಇರುವವರ ಕಾಲಿಗಾಗಿ ಅಲ್ಲ, ಕೈಗಾಗಿಯಂತೂ ಅಲ್ಲವೇ ಅಲ್ಲ. ನಮ್ಮ ತಕರಾರು ಇಷ್ಟೇ.

ಗಿರಣಿಯವರೂ ಚಿಲ್ಲರೆ ಅಂಗಡಿಯವರೂ ಓದುವ ಪತ್ರಿಕೆಯಲ್ಲಿ ಹೂದೋಟದ ಮಾತೇಕೆ, ಮೊದಲು ಪಿಂಚಣಿ ಕೇಳಿ ಎಂದು ಕೆಲವು ಸಂಗಾತಿಗಳು ಹುಬ್ಬೇರಿಸಿಯಾರು. ಪಿಂಚಣಿ ಕೇಳಬೇಕಾದದ್ದೇ. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಅದರಲ್ಲಿ ಬಾಡಿಗೆಯ ಕೋಣೆ ಹಿಡಿದು, ಔಷಧ ಕೊಂಡು, ಎರಡು ಹೊತ್ತು ಉಣ್ಣುವ ಉಪಾಯವನ್ನು ಯಾವ ಅರ್ಥಶಾಸ್ತ್ರಜ್ಞರೂ ನಮಗೆ ಕಲಿಸಿಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡವರು ನಮ್ಮಲ್ಲಿದ್ದಾರೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ್ದನ್ನು ಕೇಳದವರಿಲ್ಲ. ಅಲ್ಲಿ ದುಡಿದವರಿಗೆ ವಯಸ್ಸಾಯಿತು. ಮಕ್ಕಳು ಬೆಂಗಳೂರಿನಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದಾರೆ. ಮಕ್ಕಳು ಕೆಟ್ಟವರೆಂದು ಉಪದೇಶ ಕೊಡುವ ಕೀರ್ತನಕಾರರಿಗೆ ಆ ಕೋಣೆಯ ಅಳತೆ ಗೊತ್ತಿಲ್ಲ. ಹೀಗಾಗಿ ವೃದ್ಧಾಶ್ರಮವೆಂಬುದು ಬೇರೆ ಯಾರದೋ ಮನೆಯ ಮಾತಾಗಿ ಉಳಿದಿಲ್ಲ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ 10 ಕೋಟಿ 38 ಲಕ್ಷ. ಆಮೇಲೆ ಆ ಸಂಖ್ಯೆ ಏರಿದೆಯೇ ವಿನಾ ಇಳಿದಿಲ್ಲ. ಉಳ್ಳವರಿಗಂತೂ ಚಿಂತೆಯಿಲ್ಲ. ಅವರ ಮುಪ್ಪಿಗೆಂದೇ ಪಟ್ಟಣಗಳ ಅಂಚಿನಲ್ಲಿ ಬಡಾವಣೆಗಳು ಎದ್ದಿವೆ; ಅಲ್ಲಿ ನಡೆದಾಡುವ ದಾರಿ, ನೆರಳು, ಕೊಳ, ಎಲ್ಲವನ್ನೂ ಜಾಹೀರಾತಿನಲ್ಲಿ ಬಣ್ಣಬಣ್ಣವಾಗಿ ಅಚ್ಚುಹಾಕುತ್ತಾರೆ. ತೋಟವೆಂಬುದು ಮುಪ್ಪಿಗೆ ಅವಶ್ಯವೆಂದು ಹಣವುಳ್ಳವರಿಗೆ ಚೆನ್ನಾಗಿ ಗೊತ್ತು. ಬಡವರ ವಿಷಯಕ್ಕೆ ಬಂದಾಗ ಮಾತ್ರ ಅದು ಶೋಕಿಯಾಗುತ್ತದೆ.

ಈಗ ಕಾಯಿದೆಯ ಮಾತಿಗೆ ಬರೋಣ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ 2007ರಲ್ಲಿ ಬಂತು. ಅದರ 19ನೆಯ ಕಲಮಿನಂತೆ ರಾಜ್ಯ ಸರ್ಕಾರವು ಜಿಲ್ಲೆಗೆ ಕನಿಷ್ಠ ಒಂದರಿಂದ ಆರಂಭಿಸಿ, ಗತಿಯಿಲ್ಲದ ಕನಿಷ್ಠ 150 ಮಂದಿ ಹಿರಿಯರಿಗೆ ಸ್ಥಳವಿರುವಂಥ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು. ಓದುಗರು ಕೊನೆಯ ಪದವನ್ನು ಗಮನಿಸಬೇಕು. ಸ್ಥಾಪಿಸತಕ್ಕದ್ದು ಎಂದಿಲ್ಲ, ಸ್ಥಾಪಿಸಬಹುದು ಎಂದಿದೆ. ಅದೇ ಕಲಮಿನ ಮುಂದಿನ ಭಾಗದಲ್ಲಿ ಆಶ್ರಮಗಳ ಮಟ್ಟವನ್ನೂ, ವೈದ್ಯಕೀಯ ಆರೈಕೆಗೂ ಮನರಂಜನೆಗೂ ಬೇಕಾದ ಸೌಕರ್ಯಗಳನ್ನೂ ಗೊತ್ತುಪಡಿಸುವ ಯೋಜನೆ ಮಾಡಬಹುದೆಂದಿದೆ. ಅಲ್ಲಿಯೂ ಬಹುದು! ಮನರಂಜನೆ ಎಂಬ ಪದವನ್ನು ಅಧಿಕಾರಿಗಳು ಹೇಗೆ ಓದುತ್ತಾರೆಂಬುದಕ್ಕೆ ಮೇಲೆ ಹೇಳಿದ ಟೆಲಿವಿಷನ್ನೇ ಸಾಕ್ಷಿ.

ಇದಕ್ಕೆ ಪ್ರತಿಯಾಗಿ ನಮ್ಮ ಗಿರಣಿಯ ಹಳಬರು 1948ರ ಕಾರ್ಖಾನೆ ಕಾಯಿದೆಯನ್ನು ನೆನೆಯಲಿ. ನಿಂತು ಕೆಲಸಮಾಡುವವರಿಗೆ ಅವಕಾಶ ಸಿಕ್ಕಾಗ ಕೂತುಕೊಳ್ಳಲು ತಕ್ಕ ಆಸನಗಳನ್ನು ಒದಗಿಸತಕ್ಕದ್ದೆಂದು ಅದರ 44ನೆಯ ಕಲಮಿನಲ್ಲಿ ಬರೆದಿತ್ತು. 150 ಮಂದಿಗಿಂತ ಹೆಚ್ಚು ಜನ ಕೆಲಸಮಾಡುವಲ್ಲಿ ವಿಶ್ರಾಂತಿಯ ಕೋಣೆ ಇರತಕ್ಕದ್ದೆಂದು 47ನೆಯ ಕಲಮಿನಲ್ಲಿತ್ತು. ಎಷ್ಟು ಗಿರಣಿಗಳಲ್ಲಿ ಅದು ನಡೆಯಿತೆಂಬ ಮಾತು ಬೇರೆ. ಇಲ್ಲವೆಂದಾಗ ಕಾಯಿದೆಯ ಪುಸ್ತಕ ಹಿಡಿದು ಮ್ಯಾನೇಜರರ ಮೇಜಿನ ಮುಂದೆ ನಿಲ್ಲುವುದಕ್ಕಾದರೂ ಸಾಧ್ಯವಿತ್ತು. ಅದೇ ಕಾರ್ಮಿಕನಿಗೆ 70 ವರ್ಷವಾಗಿ ಆಶ್ರಮದ ಅಂಗಳದಲ್ಲಿ ಒಂದು ಬೆಂಚು ಬೇಕೆಂದರೆ ಕೇಳುವುದಕ್ಕೆ ಕಲಮಿಲ್ಲ. ದಾನಿಯೊಬ್ಬರ ಹುಟ್ಟುಹಬ್ಬ ಬರುವವರೆಗೆ ಕಾಯಬೇಕು.

ಇಂಗ್ಲೆಂಡಿನಲ್ಲಿ ಪೀಟರ್ ಟೌನ್ಸೆಂಡ್ ಎಂಬ ಸಮಾಜವಾದಿ ವಿದ್ವಾಂಸರು 173 ವೃದ್ಧಾಶ್ರಮಗಳನ್ನು ಸುತ್ತಿ 1962ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅಲ್ಲಿನ ಆಶ್ರಮಗಳಲ್ಲಿ ಎಷ್ಟೋ ಹಿಂದೆ ದರಿದ್ರರನ್ನು ಕೂಡಿಹಾಕುತ್ತಿದ್ದ ದುಡಿಮೆಮನೆಗಳ ಹಳೆಯ ಕಟ್ಟಡಗಳು. ಊಟವಿತ್ತು, ಹಾಸಿಗೆಯಿತ್ತು. ಮಾಡಲು ಏನೂ ಇರಲಿಲ್ಲ. ಯಾವುದನ್ನು ಯಾವಾಗ ಮಾಡಬೇಕೆಂದು ತಾವೇ ನಿರ್ಧರಿಸುವ ಅಧಿಕಾರವಂತೂ ಇರಲಿಲ್ಲ. ಟೌನ್ಸೆಂಡರು ಇಂಥ ದೊಡ್ಡ ಆಶ್ರಮಗಳೇ ಬೇಡ, ಮುದುಕರಿಗೆ ಅವರವರ ಮನೆಯಲ್ಲಿಯೇ ನೆರವು ಸಿಗುವಂತೆ ಮಾಡಿ ಎಂಬ ತೀರ್ಮಾನಕ್ಕೆ ಬಂದರು. ಅದು ಸರಿಯಾದ ಮಾತೆಂದೇ ನಮ್ಮ ಎಣಿಕೆ. ಆದರೆ ಆ ಕಾಲ ಬರುವವರೆಗೆ ಒಳಗಿರುವವರನ್ನು ಏನು ಮಾಡೋಣ? ಅವರ ಪಾಲಿನ ಬೆಳಗು ಇವತ್ತಿನದು.

ತೋಟದಿಂದ ದೇಹಕ್ಕೇನು ಲಾಭ ಎಂದು ಲೆಕ್ಕ ಕೇಳುವವರಿಗೂ ಉತ್ತರವುಂಟು. ಬಿಸಿಲು ತಾಗಿದರೆ ಚರ್ಮದಲ್ಲಿ ಡಿ ಜೀವಸತ್ವ ಹುಟ್ಟುತ್ತದೆ, ಅದರಿಂದ ಎಲುಬು ಗಟ್ಟಿ. ವಯಸ್ಸಾದಂತೆ ಚರ್ಮಕ್ಕೆ ಈ ಶಕ್ತಿ ಕುಂದುವುದರಿಂದ ಮುದುಕರು ಬಿಸಿಲಿಗೆ ಹೆಚ್ಚು ಬರಬೇಕೇ ಹೊರತು ಕಡಿಮೆಯಲ್ಲ. ಹಗಲಿನ ಬೆಳಕು ಕಾಣದೆ ದೀಪದಡಿ ಕೂತವರಿಗೆ ರಾತ್ರಿ ನಿದ್ರೆಯ ಹೊತ್ತು ತಪ್ಪುತ್ತದೆ. ನಿದ್ರೆಯಿಲ್ಲವೆಂದು ಮಾತ್ರೆ ಕೊಡುತ್ತಾರೆ. ಮಾತ್ರೆಯ ಮಂಪರಿನಲ್ಲಿ ಬಚ್ಚಲಿಗೆ ಹೋಗಿ ಬೀಳುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ನೋಡಿ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಒಂದು ಲೇಖನ ಬರೆದರು. ಪಿತ್ತಕೋಶದ ಶಸ್ತ್ರಕ್ರಿಯೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದರ್ಧ ಜನರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ಬಲವಾದ ನೋವಿನ ಔಷಧ ಅವರಿಗೆ ಕಡಿಮೆ ಸಾಕಾಯಿತು. ಬರಿಯ ಕಿಟಕಿಯ ನೋಟಕ್ಕೆ ಇಷ್ಟು!

ಇದಕ್ಕಿಂತ ನಮಗೆ ಹೆಚ್ಚು ಹಿಡಿಸಿದ್ದು 1976ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ವಿದುಷಿಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ಎರಡು ಮಹಡಿಗಳ ಜನರಿಗೆ ಒಂದೊಂದು ಕುಂಡದ ಗಿಡ ಕೊಡಿಸಿದರು. ಒಂದು ಮಹಡಿಯವರಿಗೆ, ಇದು ನಿಮ್ಮದು, ನೀರು ಹಾಕಿ ಸಾಕುವುದು ನಿಮ್ಮ ಹೊಣೆ ಎಂದರು. ತಮ್ಮ ದಿನವನ್ನು ಹೇಗೆ ಕಳೆಯಬೇಕೆಂಬುದನ್ನೂ ತಾವೇ ಗೊತ್ತುಮಾಡಿಕೊಳ್ಳಲು ಹೇಳಿದರು. ಇನ್ನೊಂದು ಮಹಡಿಯವರಿಗೆ, ನೀವು ಏನೂ ಮಾಡಬೇಕಾಗಿಲ್ಲ, ದಾದಿಯರು ನೋಡಿಕೊಳ್ಳುತ್ತಾರೆ ಎಂದರು. ಮೂರು ವಾರಗಳಲ್ಲಿ ಮೊದಲಿನವರು ಹೆಚ್ಚು ಚುರುಕಾದರು, ಹೆಚ್ಚು ಬೆರೆಯತೊಡಗಿದರು. 18 ತಿಂಗಳ ಮೇಲೆ ನೋಡಿದಾಗ ಮೊದಲ ಗುಂಪಿನಲ್ಲಿ ಸತ್ತವರು ನೂರಕ್ಕೆ 15, ಎರಡನೆಯದರಲ್ಲಿ ನೂರಕ್ಕೆ 30. ಮುಂದೆ ಆ ವಿದುಷಿಯರೇ ತಮ್ಮ ಗಣಿತಕ್ಕೆ ತಿದ್ದುಪಡಿ ಪ್ರಕಟಿಸಿ, ಸಾವಿನ ಈ ಅಂತರ ಮೊದಲು ತೋರಿದಷ್ಟು ಖಚಿತವಲ್ಲವೆಂದರು. ಇರಲಿ. ಗಿಡ ಎರಡು ಕಡೆಯೂ ಇತ್ತು. ಬೇರೆಯಾಗಿದ್ದದ್ದು ನೀರಿನ ತಂಬಿಗೆ ಯಾರ ಕೈಯಲ್ಲಿತ್ತೆಂಬುದು. ಮಾಲಿಯನ್ನಿಟ್ಟು ಬೆಳೆಸಿದ ಗುಲಾಬಿಯನ್ನು ದೂರದಿಂದ ತೋರಿಸುವವರು ಈ ಮಾತನ್ನು ಯೋಚಿಸಬೇಕು.

ಇಷ್ಟಾದ ಮೇಲೂ ಬಾಗಿಲಿಗೆ ಚಿಲಕ ಏಕೆ ಬೀಳುತ್ತದೆ? ನಡೆಸುವವರನ್ನು ಕೇಳಿದರೆ ಒಂದೇ ಉತ್ತರ: ಬಿದ್ದರೆ ಯಾರು ಹೊಣೆ? ಅವರ ಭಯ ಸುಳ್ಳಲ್ಲ. ಸೊಂಟದ ಎಲುಬು ಮುರಿದ ಮುದುಕಿ ಮತ್ತೆ ಏಳದಿರುವುದನ್ನು ಎಲ್ಲರೂ ಕಂಡಿದ್ದಾರೆ. 40 ಜನರಿಗೆ ಇಬ್ಬರು ಆಯಾಗಳಿದ್ದರೆ ಯಾರು ಯಾರನ್ನು ಹಿಡಿದು ನಡೆಸಿಯಾರು? ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾನಿಲಯದವರು ಮರೆವಿನ ಕಾಯಿಲೆಯವರ ಆಶ್ರಮಗಳ ತೋಟಗಳ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ 2014ರಲ್ಲಿ ಪರಿಶೀಲಿಸಿದರು. ತೋಟದಲ್ಲಿ ಹೊತ್ತು ಕಳೆದವರ ತಳಮಳ ಕಡಿಮೆಯಾಗುವಂತೆ ಕಂಡುಬಂತು, ಆದರೆ ಆಧಾರಗಳು ಇನ್ನೂ ಬಲವಾಗಬೇಕು ಎಂದರು. ಅಲ್ಲಿಯೂ ತೋಟವಿದ್ದರೂ ಜನ ಹೊರಗೆ ಬಾರದಿರುವುದಕ್ಕೆ ಕಾರಣ ಇದೇ ಎಂದು ಕಂಡಿತು: ಅಪಾಯದ ಭಯ, ನೋಡಿಕೊಳ್ಳುವ ಕೈಗಳ ಅಭಾವ.

ಆದರೆ ಬೀಳುವುದು ವಯಸ್ಸಿನಿಂದ ಮಾತ್ರವಲ್ಲ, ಕಟ್ಟಿದವನಿಂದಲೂ ಬೀಳುತ್ತಾರೆ. ಆ ನುಣುಪು ಕಲ್ಲಿನ ಮಾತನ್ನೇ ತೆಗೆದುಕೊಳ್ಳಿ. ನಮ್ಮ ನಾಡಿನಲ್ಲಿ ಗ್ರಾನೈಟಿಗೆ ಬರವಿಲ್ಲ, ಉಜ್ಜಿ ಹೊಳೆಯಿಸದಿದ್ದರೆ ಕಂಟ್ರಾಕ್ಟರನಿಗೆ ಸಮಾಧಾನವಿಲ್ಲ. ಮಳೆ ಹನಿದರೆ ಅದು ಜಾರುಬಂಡೆ. ಬಿಸಿಲು ಬಿದ್ದರೆ ಪೊರೆ ಬಂದ ಕಣ್ಣಿಗೆ ಕನ್ನಡಿ. ಉಜ್ಜದ ಒರಟು ಶಹಾಬಾದ್ ಚಪ್ಪಡಿ ಅದಕ್ಕಿಂತ ಅಗ್ಗ, ಕಾಲಿಗೂ ಹಿತ. ಚಪ್ಪಡಿಗಳ ನಡುವೆ ಊರುಗೋಲಿನ ತುದಿ ಸಿಕ್ಕಿಕೊಳ್ಳುವ ಸಂದು ಇರಕೂಡದು, ಅಷ್ಟೇ. ದಾರಿಯ ಅಗಲ 5 ಅಡಿಯಾದರೂ ಬೇಕು, ಗಾಲಿಕುರ್ಚಿಯ ಪಕ್ಕದಲ್ಲಿ ಇನ್ನೊಬ್ಬರು ಮಾತಾಡುತ್ತ ನಡೆಯುವಂತೆ. ಏರಿದ್ದರೆ 20 ಅಡಿ ಉದ್ದಕ್ಕೆ ಒಂದಡಿಗಿಂತ ಹೆಚ್ಚು ಏರದಿದ್ದರೆ ಒಳ್ಳೆಯದು. ಬಾಗಿಲ ಬಳಿಯ ಇಳಿಜಾರಂತೂ 12 ಅಡಿಗೆ ಒಂದಡಿಯನ್ನು ಮೀರಲೇಬಾರದು. ಮೆಟ್ಟಿಲು ಬೇಡ. ದಾರಿಯ ಒಂದು ಬದಿಗೆ ಸುಮಾರು 3 ಅಡಿ ಎತ್ತರದ ಕೈಗಂಬಿ; ಕಬ್ಬಿಣದ್ದಾದರೆ ಮಧ್ಯಾಹ್ನ ಕೈ ಸುಡುತ್ತದೆ, ಮರದ್ದೇ ವಾಸಿ.

ಬೆಂಚಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ದಾನಿಗಳು ಅತಿ ಹೆಚ್ಚು ಕೊಡುವುದೂ ಅತಿ ತಪ್ಪಾಗಿ ಮಾಡಿಸುವುದೂ ಅದನ್ನೇ. ಬೆನ್ನಿಲ್ಲದ, ಕೈಯಿಲ್ಲದ ಸಿಮೆಂಟಿನ ಹಲಗೆ. ಬೆನ್ನಿದ್ದರೆ ಅದು ಹೆಸರು ಬರೆಸುವುದಕ್ಕಾಗಿ. ಚೈತ್ರ ವೈಶಾಖದಲ್ಲಿ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಮೊಣಕಾಲು ನೋಯುವವರು ಕೂರುವುದು ಕಷ್ಟವಲ್ಲ, ಏಳುವುದು ಕಷ್ಟ. ಏಳಲು ಎರಡೂ ಕೈ ಊರಬೇಕು. ಆದುದರಿಂದ ಬೆಂಚಿಗೆ ಕೈಗಳಿರಬೇಕು, ಕೂರುವ ಹಲಗೆ ನೆಲದಿಂದ 18 ಅಂಗುಲ ಎತ್ತರವಿರಬೇಕು, ಕಾಲನ್ನು ಹಿಂದಕ್ಕೆ ಸರಿಸಿಕೊಳ್ಳಲು ಹಲಗೆಯ ಕೆಳಗೆ ಬಯಲಿರಬೇಕು. ಮೊದಲ ಬೆಂಚು ಬಾಗಿಲಿನ ಹೊರಗೇ. ಅಷ್ಟು ದೂರ ಬಂದವರು ನಾಳೆ ಮುಂದಿನದಕ್ಕೆ ಹೋಗುತ್ತಾರೆ. ಆಮೇಲೆ 30 ಅಡಿಗೊಂದು ಎಂದು ನಾವು ಹೇಳುತ್ತೇವೆ. ಹತ್ತಿ ಬಿಡಿಸುವ, ಎಕ್ಕುವ ಖಾತೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ನೂಲಿನ ಧೂಳು ಕುಡಿದವರ ಎದೆ ಹೇಗಿರುತ್ತದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಜೆ ಮುಗಿಸಿ ಸೋಮವಾರ ಖಾತೆಗೆ ಹೋದೊಡನೆ ಎದೆ ಬಿಗಿಯುತ್ತಿದ್ದದ್ದು ಬಿಸಿನೋಸಿಸ್ ಎಂಬ ರೋಗದ ಲಕ್ಷಣವೆಂದು ಡಾಕ್ಟರರು ಗುರುತಿಸಿದ್ದಾರೆ. ಆ ಎದೆ 30 ಅಡಿಗೊಮ್ಮೆ ನಿಲ್ಲುತ್ತದೆ.

ಹಾಗೆಯೇ ಮಗ್ಗದ ಖಾತೆಯವರ ಕಿವಿ. ಅವರು ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುವುದನ್ನು ಕೆಲಸದಲ್ಲಿಯೇ ಕಲಿತವರು. ಬಸ್ ನಿಲ್ದಾಣದಲ್ಲಿ ಹಾಕುವಂತೆ ಬೆಂಚುಗಳನ್ನು ಒಂದೇ ಸಾಲಿಗೆ ಹಾಕಿದರೆ ಪಕ್ಕದವರ ಮಾತು ಅವರಿಗೆ ದಕ್ಕುವುದಿಲ್ಲ. ಎರಡು ಬೆಂಚುಗಳನ್ನು ಮೂಲೆ ಕೂಡಿಸಿ ಹಾಕಿದರೆ ಇಬ್ಬರು ಮುಖ ನೋಡಿಕೊಂಡು ಮಾತಾಡಬಹುದು. ಖರ್ಚು ಒಂದೇ. ಇನ್ನೊಂದು ಸಂಗತಿಯನ್ನು ಮರ್ಯಾದೆಗಾಗಿ ಯಾರೂ ಹೇಳುವುದಿಲ್ಲ, ನಾವು ಹೇಳಿಬಿಡುತ್ತೇವೆ: ಅಂಗಳದಿಂದಲೇ ಹೋಗಲು ಒಂದು ಶೌಚದ ಕೋಣೆ ಇರಬೇಕು. ಇಲ್ಲವಾದರೆ ಮುದುಕರು ಹೊರಗೇ ಬರುವುದಿಲ್ಲ. ಬೆಳಿಗ್ಗೆ ಚಹಾ ಕುಡಿಯುವುದನ್ನೇ ಬಿಟ್ಟು ಕೂರುತ್ತಾರೆ.

ಮರೆವಿನ ಕಾಯಿಲೆಯ ಮಾತು ಬೇರೆಯೇ ಇದೆ. ವೈದ್ಯರು ಡಿಮೆನ್ಷಿಯ ಎಂದು ಕರೆಯುವ ಈ ಕಾಯಿಲೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗಿದೆಯೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜುಮಾಡಿತು. ಅರಳುಮರಳು ಎಂದು ನಕ್ಕು ಬಿಡುವ ಕಾಲ ಹೋಯಿತು. ಇವರಿಗೆ ನಡೆಯುವ ಹಂಬಲ ಬಹಳ. ಪಾಳಿಗೆ ಹೊತ್ತಾಯಿತು, ಅಂಗಡಿ ತೆಗೆಯಬೇಕು ಎಂದು ಎದ್ದು ಹೊರಡುತ್ತಾರೆ. ದಾರಿ ಗೋಡೆಗೆ ಹೋಗಿ ನಿಂತುಬಿಟ್ಟರೆ ಅಲ್ಲೇ ನಿಂತು ಗಾಬರಿಯಾಗುತ್ತಾರೆ. ದಾರಿಯನ್ನು ಬಳೆಯಂತೆ ಸುತ್ತಿಸಿ ಹೊರಟ ಬಾಗಿಲಿಗೇ ತಂದು ಬಿಟ್ಟರೆ ಅವರು ನಡೆದಷ್ಟು ನಡೆದು ತಾವಾಗಿಯೇ ಮನೆ ಸೇರುತ್ತಾರೆ. ದಾರಿಯ ಮೇಲೆ ಕಪ್ಪು ಬಿಳುಪಿನ ಚಿತ್ತಾರ ಮಾಡಕೂಡದು. ಕಪ್ಪು ಪಟ್ಟೆ ಅವರ ಕಣ್ಣಿಗೆ ಹೊಂಡದಂತೆ ಕಾಣುತ್ತದೆ, ದಾಟಲು ಹೋಗಿ ಬೀಳುತ್ತಾರೆ. ಬೇಲಿ ಇರಲಿ, ಆದರೆ ಅದರ ಮೇಲೆ ಬಳ್ಳಿ ಹಬ್ಬಿರಲಿ. ಜೈಲಿನ ಸರಳು ಕಂಡರೆ ಮರೆವಿನವರಿಗೂ ಜೈಲೆಂದು ತಿಳಿಯುತ್ತದೆ. ಹಾಲೆಂಡಿನಲ್ಲಿ ಆಮ್‌ಸ್ಟರ್‌ಡಾಂ ಪಕ್ಕದ ವೇಸ್ಪ್ ಎಂಬಲ್ಲಿ ಒಂದು ಹಳೆಯ ಆಶ್ರಮವನ್ನು ಕೆಡವಿ, ಬಹುಪಾಲು ಸರ್ಕಾರದ ಹಣದಿಂದಲೇ, ಇಂಥವರಿಗಾಗಿ ಒಂದು ಚಿಕ್ಕ ಊರನ್ನೇ ಕಟ್ಟಿ 2009ರಲ್ಲಿ ತೆರೆದರು. ಬೀದಿಗಳು, ಚೌಕ, ಅಂಗಡಿ, ತೋಟಗಳು. ಹೊರಕ್ಕೆ ಮಾತ್ರ ಒಂದೇ ಬಾಗಿಲು. ಒಳಗೆ ಯಾರು ಎಲ್ಲಿಗೆ ಬೇಕಾದರೂ ನಡೆಯಬಹುದು. ಅಷ್ಟು ಹಣ ನಮ್ಮಲ್ಲಿಲ್ಲವೆನ್ನುವವರಿಗೆ ನಾವು ಬೀದಿಯನ್ನು ಕೇಳುತ್ತಿಲ್ಲ, ಸುತ್ತಿ ಬರುವ ಒಂದು ಕಾಲುದಾರಿಯನ್ನು ಕೇಳುತ್ತೇವೆ.

ಇನ್ನು ಗಿಡಮರ. ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸುವಾಗ ಒಂದರ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ನೋಡಿಕೊಂಡರೆಂದು ಹೆಸರಾಗಿದೆ. ಆಶ್ರಮಕ್ಕೆ ಈ ಲೆಕ್ಕ ಬಹಳ ಮುಖ್ಯ. ಒಳಗೆ ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸವಿಲ್ಲ, ಮಾಘಕ್ಕೂ ಶ್ರಾವಣಕ್ಕೂ ವ್ಯತ್ಯಾಸವಿಲ್ಲ. ಶಿವರಾತ್ರಿಯ ಸುಮಾರಿಗೆ ಮುತ್ತುಗ, ಯುಗಾದಿಗೆ ಬೇವಿನ ಹೂವು, ಆಮೇಲೆ ಹೊಂಗೆ, ಮಳೆ ಹಿಡಿದ ಮೇಲೆ ಸಂಪಿಗೆ, ಮಳೆಯ ಕೊನೆಗೆ ಬೆಳಗಿನ ನೆಲದ ಮೇಲೆ ಪಾರಿಜಾತ, ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಸೇವಂತಿಗೆ. ಕ್ಯಾಲೆಂಡರಿನ ಅಕ್ಷರ ಕಾಣದವರೂ, ಅಕ್ಷರವನ್ನೇ ಕಲಿಯದವರೂ ಈ ಪಂಚಾಂಗವನ್ನು ಓದುತ್ತಾರೆ. ಕಣ್ಣು ಹೋದವರಿಗೆ ಮಲ್ಲಿಗೆ, ತುಳಸಿ, ಬೆರಳಲ್ಲಿ ಉಜ್ಜಿದರೆ ವಾಸನೆ ಕೊಡುವ ದೊಡ್ಡಪತ್ರೆ. ವಿಲಾಯಿತಿ ಹುಲ್ಲುಹಾಸು ಬೇಡ. ಕುಡಿಯಲು ಟ್ಯಾಂಕರ್ ತರಿಸುವ ಊರಿನಲ್ಲಿ ಅದಕ್ಕೆ ನೀರೆಲ್ಲಿಂದ? ನೆರಳು ಕೊಡದೆ ಕಂಬದಂತೆ ನಿಲ್ಲುವ ಅಲಂಕಾರದ ಅಶೋಕವೂ ಬೇಡ. ಪೂಜೆಗೆ ಆಗುತ್ತದೆಂದು ಎಲ್ಲ ಕಡೆ ನೆಡುವ ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ; ಮರೆವಿನವರು ಏನನ್ನು ಬಾಯಿಗೆ ಹಾಕಿಕೊಳ್ಳುತ್ತಾರೆಂದು ಹೇಳಲಾಗದು. ಉಮ್ಮತ್ತಿಯೂ ಹಾಗೆಯೇ. ಪಾರ್ಥೇನಿಯಮ್ ಒಂದು ಎಳೆಯನ್ನೂ ಉಳಿಸಕೂಡದು, ಉಬ್ಬಸದವರಿಗೆ ಅದರ ಪರಾಗ ಆಗದು; ಅದನ್ನು ನಮ್ಮ ಜನ ಕಾಂಗ್ರೆಸ್ ಗಿಡವೆನ್ನುತ್ತಾರೆ. ಹೆಸರಿಟ್ಟವರು ನಾವಲ್ಲ.

ಕೈಗೆ ಕೆಲಸ ಎಂದೆವಲ್ಲ, ಬಗ್ಗಲಾರದವರು ನೆಲದಲ್ಲಿ ಹೇಗೆ ಗೆಯ್ದಾರು? ನೆಲವನ್ನೇ ಮೇಲಕ್ಕೆ ಎತ್ತಬೇಕು. ಬಾವಿಗೆ ಇಳಿಸುವ ಸಿಮೆಂಟಿನ ಬಳೆಗಳನ್ನು ಎರಡು ಒಂದರ ಮೇಲೊಂದು ಇಟ್ಟು, ತಳಕ್ಕೆ ಜಲ್ಲಿ ಹಾಕಿ, ಮೇಲೆ ಮಣ್ಣು ಗೊಬ್ಬರ ತುಂಬಿದರೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂತವರಿಗೆ ಸರಿಯಾದ ಪಾತಿಯಾಯಿತು. ಒಂದೇ ಕಡೆಯಿಂದ ಕೈ ಹಾಕುವುದಾದರೆ 2 ಅಡಿಗಿಂತ ಅಗಲ ಬೇಡ, ಕೈ ನಿಲುಕದು. ಗಾಲಿಕುರ್ಚಿಯವರಿಗೆ ಮೇಜಿನಂತೆ ಕೆಳಗೆ ಮೊಣಕಾಲು ಹೋಗುವ ತೊಟ್ಟಿ, ಎರಡೂವರೆ ಅಡಿ ಎತ್ತರ. ಕೊತ್ತಂಬರಿ, ಮೆಂತ್ಯ, ಹಸಿಮೆಣಸಿನಕಾಯಿ, ಬಸಳೆ. ಮೆಂತ್ಯ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ವಯಸ್ಸಾದವರಿಗೆ ಬೇಗ ಮೊಳೆಯುವ ಬೀಜವೇ ಒಳ್ಳೆಯದು. ತಾವು ಬೆಳೆದ ಸೊಪ್ಪು ಸಾರಿಗೆ ಬಿದ್ದರೆ ಆ ದಿನ ಊಟದ ಮನೆಯಲ್ಲಿ ಸೊಪ್ಪಿನ ಬಗ್ಗೆ ತಕರಾರು ಹುಟ್ಟುತ್ತದೆ, ಉಪ್ಪು ಹೆಚ್ಚಾಯಿತು, ಬೇಯಿಸಿದ್ದು ಹೆಚ್ಚಾಯಿತು ಎಂದು. ಆ ತಕರಾರು ಬದುಕಿದವರ ಲಕ್ಷಣ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇದನ್ನು ಬಿಟ್ಟರೆ ನಮ್ಮ ಪತ್ರಿಕೆಗೆ ಶೋಭೆಯಲ್ಲ. ಮುದುಕರ ಕೈಗೆ ಗುದ್ದಲಿ ಕೊಡಿ ಎಂದೊಡನೆ ಮಾಲಿಯ ಸಂಬಳ ಉಳಿಯಿತೆಂದು ಲೆಕ್ಕಹಾಕುವ ಸಂಚಾಲಕರು ಹುಟ್ಟಿಕೊಳ್ಳುತ್ತಾರೆ. ಬೆಳೆದ ತರಕಾರಿಯನ್ನು ಸಂತೆಗೆ ಕಳಿಸುವವರೂ ಹುಟ್ಟಿಯಾರು. ಅದಾಗಕೂಡದು. ಭಾರದ ಕೆಲಸಕ್ಕೆ ಸಂಬಳದ ಮಾಲಿ ಇರತಕ್ಕದ್ದು. ಐವತ್ತು ವರ್ಷ ದುಡಿದು ಸಾಕಾಗಿದೆ, ನಾನು ಬೆಂಚಿನ ಮೇಲೆ ಸುಮ್ಮನೆ ಕೂರುತ್ತೇನೆ ಎನ್ನುವವರಿಗೆ ಸುಮ್ಮನೆ ಕೂರುವ ಹಕ್ಕು ಪೂರ್ತಿಯಾಗಿ ಇರತಕ್ಕದ್ದು. ನೀರು ಹಾಕುವವರು ಒಬ್ಬರು, ಕಸ ಗುಡಿಸುವವರು ಮತ್ತೊಬ್ಬರು ಎಂದು ಜಾತಿ ನೋಡಿ ಕೆಲಸ ಹಂಚುವ ಹಳೆಯ ಚಾಳಿ ಈ ಅಂಗಳಕ್ಕೆ ಕಾಲಿಡದಂತೆಯೂ ನೋಡಿಕೊಳ್ಳಬೇಕು. ಯಾವ ಪಾತಿಯಲ್ಲಿ ಏನು ಹಾಕಬೇಕೆಂಬುದನ್ನು ಅಲ್ಲಿರುವವರೇ ಕೂಡಿ ಗೊತ್ತುಮಾಡಲಿ. ತಪ್ಪಾಗಿ ಹಾಕಿ ಒಣಗಿಸಿದರೆ ಒಣಗಲಿ.

ಅಂಗಡಿಯ ಬಂಧುಗಳಿಗೆ ಒಂದು ಮಾತು. ನಿಮ್ಮ ಔದಾರ್ಯ ದೊಡ್ಡದು. ಮಗುವಿನ ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ, ಹೊಸ ಅಂಗಡಿಯ ಪೂಜೆಗೆ ಆಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುತ್ತೀರಿ. ಅದಿಲ್ಲದಿದ್ದರೆ ಎಷ್ಟೋ ಆಶ್ರಮಗಳ ಒಲೆ ಉರಿಯದು, ಅದನ್ನು ನಾವು ಬಲ್ಲೆವು. ಆದರೆ ಒಳ್ಳೆಯ ಮುಹೂರ್ತ ಬಂದ ತಿಂಗಳಲ್ಲಿ ಒಂದೇ ವಾರದಲ್ಲಿ ಮೂರು ಸಲ ಹೋಳಿಗೆ, ಎರಡು ಸಲ ಜಾಮೂನು ಬೀಳುತ್ತದೆ. ಉಣ್ಣುವವರಲ್ಲಿ ಎಷ್ಟೋ ಮಂದಿ ಸಕ್ಕರೆ ಕಾಯಿಲೆಯವರು. ಮೂರರಲ್ಲಿ ಒಂದು ಊಟದ ಹಣದಲ್ಲಿ ಕೈಗಳುಳ್ಳ ಒಂದು ಮರದ ಬೆಂಚು ಮಾಡಿಸಿಕೊಡಿ. ಕಟ್ಟಿಗೆಯ ಅಡತಿಯವರು, ಹಾರ್ಡ್‌ವೇರ್ ಅಂಗಡಿಯವರು, ಬೀಜ ಗೊಬ್ಬರದವರು ಕೂಡಿದರೆ ಹಣದ ಮಾತೇ ಬಾರದು. ಹೆಸರು ಬರೆಸಬೇಕೆಂದರೆ ಬರೆಸಿ, ಅದರಲ್ಲಿ ತಪ್ಪಿಲ್ಲ; ಬೆನ್ನು ಒರಗುವ ಜಾಗದಲ್ಲಿ ಉಬ್ಬಕ್ಷರ ಮಾತ್ರ ಬೇಡ.

ಆದರೆ ದಾನ ಕಾಯಿದೆಯ ಬದಲಿಗೆ ಬರುವ ವಸ್ತುವಲ್ಲ. ಜಿಲ್ಲೆಯಲ್ಲಿ 150 ಮಂದಿಯ ಸರ್ಕಾರಿ ವೃದ್ಧಾಶ್ರಮ ಎಲ್ಲಿದೆ, ಇಲ್ಲವಾದರೆ ಏಕಿಲ್ಲ ಎಂದು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಬರಹದಲ್ಲಿ ಕೇಳಬೇಕು. ಸರ್ಕಾರದ ಸಹಾಯಧನ ಪಡೆಯುವ ಪ್ರತಿಯೊಂದು ಆಶ್ರಮಕ್ಕೂ ಹಾಕುವ ಷರತ್ತುಗಳಲ್ಲಿ, ಹಾಸಿಗೆ ಎಷ್ಟು, ಶೌಚ ಎಷ್ಟು ಎಂಬುದರ ಜೊತೆಗೆ, ತಗ್ಗುದಿಣ್ಣೆಯಿಲ್ಲದ ದಾರಿ ಎಷ್ಟು ಅಡಿ, ನೆರಳಿನ ಬೆಂಚು ಎಷ್ಟು, ಹಗಲಿನಲ್ಲಿ ಬಾಗಿಲು ಎಷ್ಟು ಗಂಟೆ ತೆರೆದಿರತಕ್ಕದ್ದು, ಎಷ್ಟು ಜನರಿಗೆ ಒಬ್ಬ ಆಯಾ ಎಂಬುದು ಸೇರಬೇಕು. ತಪಾಸಣೆಗೆ ಬರುವ ಅಧಿಕಾರಿ ಕಡತ ನೋಡುವ ಮೊದಲು ಅಂಗಳವನ್ನು ಒಂದು ಸುತ್ತು ಬರಲಿ, ಅಲ್ಲಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ನಡಿಗೆಯಲ್ಲಿಯೇ.

ಕೆಲಸ ಹಿಡಿಯುವವರಿಗೆ ಕಾಲ ಇದೇ ಎಂದು ಹೇಳುತ್ತೇವೆ. ದಾರಿ ಮತ್ತು ಬಳೆಯ ಪಾತಿಗಳ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸಿ, ಮುಂಗಾರಿನ ಎರಡು ಹದ ಮಳೆಯಾದ ಮೇಲೆ ಮರದ ಸಸಿ ನೆಡಬೇಕು. ಹೊಂಗೆ, ಬೇವು ನೆರಳು ಕೊಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಬೆಂಚುಗಳ ಮೇಲೆ ತೆಂಗಿನ ಗರಿಯ ಚಪ್ಪರ ಸಾಕು. ಪಾತ್ರೆ ತೊಳೆದ ನೀರನ್ನು ಸೋಸಿ ಮರಗಳ ಬುಡಕ್ಕೆ ತಿರುಗಿಸಬಹುದು, ಸೊಪ್ಪಿನ ಪಾತಿಗೆ ಬೇಡ. ತುಂಬಿದ ಕೊಡ ಮುದುಕರಿಗೆ ಎತ್ತಲಾಗದು. ಎರಡು ಸೇರು ಹಿಡಿಯುವ ಸಣ್ಣ ತಂಬಿಗೆಗಳು ಹತ್ತು ಹನ್ನೆರಡು ಬೇಕು, ನಲ್ಲಿ ಪಾತಿಯ ಪಕ್ಕದಲ್ಲಿಯೇ ಇರಬೇಕು, ತಿರುಗಿಸುವ ಗುಂಡಿಯ ನಲ್ಲಿಯಲ್ಲ, ಅಂಗೈಯಿಂದ ಒತ್ತುವ ಹಿಡಿಯ ನಲ್ಲಿ.